ಅಕ್ಷತೆ ಬಿದ್ದಿದ್ದು ಯಾರ ಮೇಲೆ

ಅಕ್ಕನ ಮದುವೆಯಾಗಿ ಆರು ವರ್ಷವಾಯಿತು. ಅವತ್ತಿನ ಒಂದು ಗಳಿಗೆ ಮಾತ್ರ ಇನ್ನೂ ನನ್ನ ಕಣ್ಣಲ್ಲೇ ಇದೆ. ಹಾಸನದ ದೊಡ್ಡ ಕಲ್ಯಾಣ ಮಂಟಪ. ಸಾವಿರಕ್ಕೂ ಜಾಸ್ತಿ ಜನ. ಅಪ್ಪ ಅಮ್ಮ ಧಾರೆ ಎರೆದು ಮುಗಿಸಿದ್ದರು. ಅಮ್ಮನ ಕೈ ಇನ್ನೂ ಹಾಲಿನಲ್ಲಿ ಒದ್ದೆಯಾಗಿತ್ತು. ಅಷ್ಟರಲ್ಲಿ ವಿಡಿಯೋದವರು, ‘ಅಮ್ಮಾ, ಒಂಚೂರು ಹಿಂದೆ ಬನ್ನಿ, ಅಡ್ಡ ಬರ್ತಿದೀರ’ ಅಂದರು. ಅಮ್ಮ ಹಿಂದೆ ಸರಿದಳು. ಅವಳು ಬಿಟ್ಟ ಜಾಗಕ್ಕೆ ನಾಲ್ಕು ಜನ ಬಂದು ನಿಂತರು. ಇಬ್ಬರ ಕೈಯಲ್ಲಿ ಕ್ಯಾಮೆರಾ, ಒಬ್ಬರ ಹೆಗಲ ಮೇಲೆ ವಿಡಿಯೋ, ಇನ್ನೊಬ್ಬರು ಲೈಟ್ ಎತ್ತಿ ಹಿಡಿದಿದ್ದರು. ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಅಂತ ಕೂಗಿದರು. ವಾಲಗ ಏರಿತು. ಅಮ್ಮ ತುದಿಗಾಲಲ್ಲಿ ನಿಂತು ಇಣುಕಿದಳು. ಏನೂ ಕಾಣಲಿಲ್ಲ. ಕೈಲಿದ್ದ ಅಕ್ಷತೆಯನ್ನು ಅಂದಾಜಿನಲ್ಲೇ ಹಾಕಿದಳು. ಅದು ಹೋಗಿ ಬಿದ್ದಿದ್ದು ಮುಂದೆ ನಿಂತಿದ್ದ ಕ್ಯಾಮೆರಾದವರ ಬೆನ್ನಿಗೆ. ಅವರ ಕಪ್ಪು ಟೀ ಶರ್ಟಿಗೆ ಅರಿಶಿನದ ಅಕ್ಕಿಕಾಳು ಅಂಟಿಕೊಂಡಿದ್ದು ನನಗೆ ಈಗಲೂ ಕಾಣುತ್ತದೆ.

ಮಗಳಿಗೆ ತಾಳಿ ಕಟ್ಟಿದ್ದನ್ನು ಅಮ್ಮ ನೋಡಿದ್ದು ಐದು ತಿಂಗಳಾದ ಮೇಲೆ, ಟಿವಿಯಲ್ಲಿ. ಪೆನ್‌ಡ್ರೈವ್ ಹಾಕಿ ಎಲ್ಲರೂ ಕೂತು ನೋಡಿದೆವು. ತಾಳಿ ಕಟ್ಟುವ ಕೈಗಳು ಸ್ಲೋ ಮೋಷನ್ನಿನಲ್ಲಿ ಬಂದವು. ಜೊತೆಗೆ ಒಂದು ಸಿನಿಮಾ ಹಾಡು. ಗಟ್ಟಿಮೇಳ ಇಲ್ಲ, ಮಂತ್ರ ಇಲ್ಲ. ಅಜ್ಜಿ ಮತ್ತು ಊರಿನ ನಾಲ್ಕೈದು ಹೆಂಗಸರು ಹೇಳಿದ ಸೋಬಾನೆ ಪದವೂ ಇಲ್ಲ. ಅಜ್ಜಿಯ ತುಟಿ ಆಡುವುದು ಕಾಣುತ್ತದೆ, ದನಿ ಮಾತ್ರ ಯಾರದೋ. ಅಮ್ಮ ‘ಚೆನ್ನಾಗಿ ಬಂದಿದೆ’ ಅಂದು ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಲ್ಲಿ ನನ್ನ ಹತ್ತಿರ ಮೆಲ್ಲಗೆ ಕೇಳಿದಳು. ‘ತಾಳಿ ಕಟ್ಟೋವಾಗ ಅವಳು ಅಳ್ತಿದ್ಲಾ? ನಿಂಗೇನಾದ್ರೂ ಕಾಣಿಸ್ತಾ?’ ನನಗೂ ಕಂಡಿರಲಿಲ್ಲ. ನಾನೂ ಅದೇ ಬೆನ್ನುಗಳ ಹಿಂದೆ ನಿಂತಿದ್ದೆ.

ಆ ಫೋಟೋಗ್ರಾಫರ್‌ಗಳನ್ನು ಬೈಯೋಕೆ ಇದನ್ನು ಬರೆಯುತ್ತಿಲ್ಲ. ನಾವು ಏನು ಕೇಳಿದ್ದೆವೋ ಅದನ್ನೇ ಅವರು ಮಾಡಿಕೊಟ್ಟರು. ಆಲ್ಬಂ ಎಷ್ಟು ಶೀಟು, ಡ್ರೋನ್ ಇದೆಯಾ, ಎಷ್ಟು ಕಡಿಮೆ ಮಾಡ್ತೀರ, ಇಷ್ಟೇ ನಾವು ಕೇಳಿದ್ದು. ‘ಮುಹೂರ್ತದ ಹೊತ್ತಿಗೆ ನೀವು ಎಲ್ಲಿ ನಿಂತಿರ್ತೀರ’ ಅಂತ ಒಬ್ಬರೂ ಕೇಳಿರಲಿಲ್ಲ. ಅದು ಕೇಳುವ ಪ್ರಶ್ನೆ ಅಂತಲೇ ನಮಗೆ ಹೊಳೆದಿರಲಿಲ್ಲ.

ಎಪ್ಪತ್ತೆರಡು ಫೋಟೋ

ಅಪ್ಪ ಅಮ್ಮನ ಮದುವೆ 1988ರಲ್ಲಿ, ಅಮ್ಮನ ತವರಿನ ಅಂಗಳದಲ್ಲಿ ಆಯಿತು. ಮೂಡಿಗೆರೆಯಿಂದ ಒಬ್ಬ ಫೋಟೋಗ್ರಾಫರ್ ಬಸ್ಸಿನಲ್ಲಿ ಬಂದಿದ್ದರಂತೆ. ಅವರ ಹತ್ತಿರ ಇದ್ದಿದ್ದು ಎರಡು ರೋಲ್. ರೋಲಿಗೆ 36. ಎರಡೂ ಸೇರಿ 72. ಅಷ್ಟರಲ್ಲಿ ಚಪ್ಪರದಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೂ ಎಲ್ಲ ಮುಗಿಯಬೇಕು. ಒಂದು ಸಲ ಒತ್ತಿದರೆ ಒಂದು ಖರ್ಚಾಯಿತು. ಅದಕ್ಕೇ ಅವರು ಮೊದಲು ನೋಡಿದ್ದಾರೆ, ಆಮೇಲೆ ತೆಗೆದಿದ್ದಾರೆ. ಹಾಳೆಗಳ ನಡುವೆ ಬೆಣ್ಣೆಕಾಗದ ಇರುವ ಆ ಆಲ್ಬಂ ಈಗಲೂ ಮನೆಯಲ್ಲಿದೆ.

ಆ ಆಲ್ಬಮ್ಮಿನಲ್ಲಿ ನನಗೆ ತುಂಬ ಇಷ್ಟವಾದದ್ದು ಪಂಕ್ತಿಯ ಫೋಟೋ. ಎರಡು ಸಾಲಿನಲ್ಲಿ ಜನ ಎಲೆ ಮುಂದೆ ಕೂತಿದ್ದಾರೆ. ಒಬ್ಬರು ಪಾಯಸದ ಬಕೆಟ್ ಹಿಡಿದು ಬಗ್ಗಿದ್ದಾರೆ. ಒಬ್ಬರು ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದಿದ್ದಾರೆ. ಅಜ್ಜನ ತೋಟದಲ್ಲಿ ಕೆಲಸ ಮಾಡುತ್ತಿದ್ದವರೂ ಅದರಲ್ಲಿದ್ದಾರೆ. ಯಾರೂ ಕ್ಯಾಮೆರಾ ನೋಡುತ್ತಿಲ್ಲ. ಎಲ್ಲರೂ ಊಟ ನೋಡುತ್ತಿದ್ದಾರೆ. ನೆಂಟರು ಬಂದು ಆ ಆಲ್ಬಂ ತೆಗೆದರೆ ಈ ಪುಟ ಬಂದಾಗ ಕೈ ನಿಲ್ಲುತ್ತದೆ. ‘ಅಯ್ಯೋ, ಇವರು ನಮ್ಮ ದೊಡ್ಡಣ್ಣಯ್ಯ ಅಲ್ವಾ?’ ಅಂತ ಯಾರಾದರೂ ಅನ್ನುತ್ತಾರೆ. ಆಮೇಲೆ ಅರ್ಧ ಗಂಟೆ ಮಾತು.

ಅಕ್ಕನ ಮದುವೆಯದು ಹಾರ್ಡ್ ಡಿಸ್ಕಿನಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಫೋಟೋ ಇದೆ. ಒಂದು ರಾತ್ರಿ ನಿದ್ದೆ ಬರದೆ ಕೂತು ಪೂರ್ತಿ ನೋಡಿದೆ. ಅಜ್ಜಿ ಎಲ್ಲಿದ್ದಾಳೆ ಅಂತ ಹುಡುಕುತ್ತಾ ಹೋದೆ. ಮೂರು ಕಡೆ ಸಿಕ್ಕಳು. ಮೂರೂ ಆರತಕ್ಷತೆಯ ಸ್ಟೇಜಿನ ಮೇಲೆ ಸಾಲಾಗಿ ನಿಂತಿದ್ದು. ಮೂರರಲ್ಲೂ ಅವಳಿಗೆ ಎತ್ತ ನೋಡಬೇಕು ಅಂತ ಗೊತ್ತಾಗಿಲ್ಲ. ಅಮ್ಮ ಸುಮಾರು ಕಡೆ ಇದ್ದಾಳೆ, ಆದರೆ ಯಾವಾಗಲೂ ಯಾರದೋ ಪಕ್ಕದಲ್ಲಿ, ಕಣ್ಣು ಕಿರಿದು ಮಾಡಿಕೊಂಡು. ಮುಖಕ್ಕೆ ನೇರ ಲೈಟ್ ಬಿಟ್ಟರೆ ಯಾರ ಕಣ್ಣಾದರೂ ಹಾಗೇ ಆಗುತ್ತದೆ.

ಹಳೆಯದೆಲ್ಲ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಆ 72ರಲ್ಲೂ ಎಂಟು ಹತ್ತು ಅಲುಗಾಡಿವೆ. ಎರಡರಲ್ಲಿ ತಲೆಯೇ ಕತ್ತರಿಸಿ ಹೋಗಿದೆ. ಆದರೆ ಆ ಮನುಷ್ಯ ಬಂದವರನ್ನು ನೋಡಿದ್ದಾರೆ. ನನಗೆ ಬೇಕಿದ್ದು ಅದು.

ಕಣದಲ್ಲಿ ಮದುವೆ

ನನ್ನ ಮದುವೆ ಗೊತ್ತಾದಾಗ ಮನೆಯಲ್ಲಿ ಎರಡೇ ಮಾತು ಹೇಳಿದೆ. ಮದುವೆ ನಮ್ಮನೆ ಕಣದಲ್ಲಿ ಆಗಬೇಕು. ಬಂದು ಕೂತವರಿಗೆಲ್ಲ ತಾಳಿ ಕಟ್ಟುವುದು ಕಾಣಬೇಕು.

ನಮ್ಮದು ಮೂಡಿಗೆರೆ ತಾಲ್ಲೂಕು. ನಾಲ್ಕೆಕರೆ ಕಾಫಿ ತೋಟ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಣದಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ, ಕಾಫಿ ಒಣಗುತ್ತಿರುತ್ತದೆ. ಏಪ್ರಿಲ್ ಹೊತ್ತಿಗೆ ಎಲ್ಲ ಮೂಟೆ ಸೇರಿ ಕಣ ಖಾಲಿ. ಅಪ್ಪ ಟೇಪ್ ಹಿಡಿದು ಅಳೆದರು. ಮಂಟಪಕ್ಕೆ ಜಾಗ ಬಿಟ್ಟು ನೂರೈವತ್ತು ಕುರ್ಚಿ. ಎಷ್ಟು ಜನ ಅನ್ನೋದನ್ನು ಕೊನೆಗೆ ಕಣವೇ ಹೇಳಿತು.

ಸಣ್ಣ ಮದುವೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಪುರೋಹಿತರಿಲ್ಲದೆ ಸರಳವಾಗಿ ಮದುವೆಯಾಗುವ ಕುವೆಂಪು ಅವರ ಮಂತ್ರ ಮಾಂಗಲ್ಯ ಇಲ್ಲಿ ಎಲ್ಲರಿಗೂ ಗೊತ್ತು. 1966ರಲ್ಲಿ ತೇಜಸ್ವಿಯವರ ಮದುವೆ ಹಾಗೇ ಆಗಿದ್ದು. ನಮ್ಮ ನೆಂಟರಲ್ಲೂ ಇಬ್ಬರು ಹಾಗೆ ಮದುವೆಯಾಗಿದ್ದಾರೆ. ನನಗೂ ಆಸೆ ಇತ್ತು. ಆದರೆ ಅಜ್ಜಿಗೆ ಪುರೋಹಿತರು ಬೇಕು, ಧಾರೆ ಬೇಕು, ಸೋಬಾನೆ ಹೇಳಬೇಕು. ಅಜ್ಜಿಗೆ ಎಂಬತ್ತೆರಡು. ನಾನು ಖುಷಿಯಿಂದಲೇ ಒಪ್ಪಿಕೊಂಡೆ.

ಕಷ್ಟವಾಗಿದ್ದು ಕರೆಯುವವರ ಪಟ್ಟಿ. ಮೊದಲ ದಿನ ಬರೆದಾಗ ಆರುನೂರ ನಲವತ್ತು ಹೆಸರು. ಹಳೇ ಕ್ಯಾಲೆಂಡರಿನ ಹಿಂಬದಿ ಸಾಲದೆ ಇನ್ನೊಂದು ಹಾಳೆ ತೆಗೆದೆವು. ಮೂರು ಸಂಜೆ ಕೂತು ಹೊಡೆದು ಹಾಕಿದೆವು. ಒಂದೊಂದು ಹೆಸರು ಹೊಡೆಯುವಾಗಲೂ ಅಪ್ಪ ಪೆನ್ ಕೆಳಗಿಡುತ್ತಿದ್ದರು. ‘ಅವರ ಮನೆ ಮದುವೇಲಿ ಉಂಡು ಬಂದಿದೀವಿ. ನಮ್ಮನೇದಕ್ಕೆ ಕರೀದೇ ಇರೋದು ಹೇಗಮ್ಮ?’ ಅಂತ ಕೇಳುತ್ತಿದ್ದರು. ಸಣ್ಣ ಮದುವೆ ಚೆಂದ ಅನ್ನುವವರು ಈ ಮಾತನ್ನು ಹಗುರವಾಗಿ ನೋಡಬಾರದು. ಅಪ್ಪನಿಗೆ ಆಡಂಬರದ ಆಸೆ ಇರಲಿಲ್ಲ. ಅವರ ತಲೆಯಲ್ಲಿ ಇದ್ದಿದ್ದು ಋಣ. ನಮ್ಮಲ್ಲಿ ಮನೆಗೇ ಹೋಗಿ ಕುಂಕುಮ ಇಟ್ಟು ಕರೆಯಬೇಕು. ಕರೆಯಲಿಲ್ಲ ಅಂದರೆ ನಂಟು ಮುಗಿಯಿತು ಅಂದ ಹಾಗೆ.

ಕೊನೆಗೆ ದಾರಿ ಹುಡುಕಿದ್ದೂ ಅಪ್ಪನೇ. ಧಾರೆಗೆ ನೂರೈವತ್ತು ಜನ. ಒಂದು ವಾರ ಬಿಟ್ಟು ಊರಿನವರಿಗೆಲ್ಲ ಸಮುದಾಯ ಭವನದಲ್ಲಿ ಬೀಗರ ಊಟ. ಅಲ್ಲಿ ಸ್ಟೇಜ್ ಇಲ್ಲ, ಸಾಲು ನಿಲ್ಲುವುದಿಲ್ಲ, ಫೋಟೋ ಇಲ್ಲ. ಬರೀ ಊಟ, ಮಾತು. ಅಪ್ಪ ಒಂದೊಂದು ಮನೆಗೂ ನಡೆದು ಹೋಗಿ ಅದನ್ನು ಬಿಡಿಸಿ ಹೇಳಿ ಬಂದರು. ಬಹಳ ಜನಕ್ಕೆ ಅರ್ಥವಾಯಿತು. ದೂರದ ಸಂಬಂಧದ ಒಬ್ಬ ದೊಡ್ಡಪ್ಪ ಮಾತ್ರ ಎರಡಕ್ಕೂ ಬರಲಿಲ್ಲ. ಅಪ್ಪನಿಗೆ ಅದರ ನೋವು ಇನ್ನೂ ಇದೆ. ನನಗೂ ಇದೆ.

ಮಳೆಯದು ಇನ್ನೊಂದು ಚಿಂತೆ. ಮಾರ್ಚಿನಲ್ಲಿ ಹೂಮಳೆ ಸರಿಯಾಗಿ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿತ್ತು. ಅದಾದ ಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು, ಬ್ಯಾಕಿಂಗ್ ಮಳೆ. ಅದು ಬರುವುದು ಏಪ್ರಿಲ್ಲಿನಲ್ಲೇ. ನಮ್ಮ ಮುಹೂರ್ತವೂ ಏಪ್ರಿಲ್ಲಿನಲ್ಲೇ. ‘ಮಳೆ ಬರಲಿ ಅಂತ ಬೇಡ್ಕೊಳ್ಳಲೋ, ಬರದೇ ಇರಲಿ ಅಂತ ಬೇಡ್ಕೊಳ್ಳಲೋ’ ಅಂತ ಅಪ್ಪ ದಿನಾ ಸಂಜೆ ಮೋಡ ನೋಡುತ್ತಿದ್ದರು. ಈ ತಿಂಗಳಲ್ಲಿ ಮಳೆ ಬಂದರೆ ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬರುವುದೇ ಹೆಚ್ಚು. ಅದಕ್ಕೆ ಬೆಳಗ್ಗೆ 10 ಗಂಟೆ 40 ನಿಮಿಷದ ಮುಹೂರ್ತ ಹಿಡಿದೆವು.

ಬಿಳಿ ಟವೆಲ್

ಫೋಟೋಗೆ ಮೊದಲು ಹೋಗಿದ್ದು ಹಾಸನದ ಒಂದು ಸ್ಟುಡಿಯೋಗೆ. ಟೇಬಲ್ ಮೇಲೆ ಪ್ಯಾಕೇಜಿನ ಹಾಳೆ ಇಟ್ಟರು. ಟ್ರೆಡಿಷನಲ್ ಫೋಟೋ, ಟ್ರೆಡಿಷನಲ್ ವಿಡಿಯೋ, ಕ್ಯಾಂಡಿಡ್, ಸಿನಿಮ್ಯಾಟಿಕ್, ಡ್ರೋನ್, ಎಲ್‌ಇಡಿ ಪರದೆ, ಎರಡು ಆಲ್ಬಂ. ಒಟ್ಟು ಒಂದು ಲಕ್ಷದ ನಲವತ್ತು ಸಾವಿರ. ಜೊತೆಗೆ ಪ್ರೀ ವೆಡ್ಡಿಂಗ್ ಶೂಟ್. ಗೊರೂರು ಹಿನ್ನೀರಿನಲ್ಲಿ ಅರ್ಧ ಮುಳುಗಿದ ಶೆಟ್ಟಿಹಳ್ಳಿ ಚರ್ಚ್, ಹಿರೇಕೊಳಲೆ ಕೆರೆ, ಎಲ್ಲ ಕಡೆ ತೆಗೆದ ಫೋಟೋ ತೋರಿಸಿದರು. ಚೆನ್ನಾಗಿಯೇ ಇದ್ದವು. ನನ್ನ ಪ್ರಶ್ನೆ ಕೇಳಿದೆ. ಮುಹೂರ್ತದ ಹೊತ್ತಿಗೆ ನಿಮ್ಮವರು ಎಲ್ಲಿ ನಿಲ್ಲುತ್ತಾರೆ? ‘ಅದೆಲ್ಲ ನಮ್ಮ ಹುಡುಗರು ನೋಡ್ಕೋತಾರೆ ಮೇಡಂ’ ಅಂದರು.

ಎರಡನೆಯವರು ಬೆಂಗಳೂರಿನವರು, ಇನ್‌ಸ್ಟಾಗ್ರಾಂನಲ್ಲಿ ಸಿಕ್ಕಿದ್ದು. ಅವರ ಪೇಜಿನಲ್ಲಿ ಒಂದೊಂದು ಫೋಟೋನೂ ನಿಂತು ನೋಡುವಂತಿತ್ತು. ಇಲ್ಲಿ ಒಂದು ವಿಷಯ ಹೇಳಲೇಬೇಕು, ಫೋಟೋಗ್ರಾಫರ್ ಹುಡುಕುತ್ತಿರುವವರಿಗೆ ಉಪಯೋಗಕ್ಕೆ ಬರಬಹುದು. ಆರಿಸಿ ಹಾಕಿದ ಮೂವತ್ತು ಫೋಟೋ ನೋಡಿ ಒಪ್ಪಿಕೊಳ್ಳಬೇಡಿ. ಒಂದೇ ಮದುವೆಯದು, ಮೊದಲಿನಿಂದ ಕೊನೆವರೆಗೆ, ಪೂರ್ತಿ ತೋರಿಸಿ ಅಂತ ಕೇಳಿ. ನಾನು ಕೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ಕಳಿಸಿದರು. ಸುಮಾರು ಆರುನೂರು ಫೋಟೋ. ಕಿಟಕಿಗೆ ತೂಗುಹಾಕಿದ ಸೀರೆ, ಬಳೆ, ಚಪ್ಪಲಿ, ಉಂಗುರ, ಹುಡುಗಿಯ ರೆಪ್ಪೆ. ಎಲ್ಲ ನೋಡಿ ಮುಗಿಸಿದರೂ ಹುಡುಗಿಯ ಅಪ್ಪ ಯಾರು ಅಂತ ನನಗೆ ಗೊತ್ತಾಗಲಿಲ್ಲ.

ಮೂರನೆಯವರು ಮೂಡಿಗೆರೆಯವರೇ. ಚಿಕ್ಕ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜ್ ಫೋಟೋ, ಶಾಲೆಗಳ ಗ್ರೂಪ್ ಫೋಟೋ ಅವರ ದಿನದ ಕೆಲಸ. ಫೋನಿನಲ್ಲಿ ರೇಟ್ ಕೇಳಿದರೆ, ‘ಜಾಗ ನೋಡದೆ ಹೇಳಲ್ಲ’ ಅಂದರು. ಮುಹೂರ್ತ ಎಷ್ಟು ಗಂಟೆಗೆ ಅಂತ ಕೇಳಿದರು. ಮುಂದಿನ ಭಾನುವಾರ ಸರಿಯಾಗಿ ಹತ್ತೂವರೆಗೆ ಸ್ಕೂಟರಿನಲ್ಲಿ ಬಂದರು. ಕ್ಯಾಮೆರಾ ತಂದಿರಲಿಲ್ಲ.

ಕಣದ ಒಂದು ಮೂಲೆಗೆ ಅಪ್ಪ ನೀಲಿ ಟಾರ್ಪಾಲ್ ಕಟ್ಟಿದ್ದರು, ಸೌದೆಗೆ ಅಂತ. ಅವರು ಅದರ ಕೆಳಗೆ ಹೋಗಿ ನಿಂತರು. ‘ಮದುವೆಗೂ ಇದನ್ನೇ ಹಾಕ್ತೀರಾ?’ ಅಂತ ಕೇಳಿದರು. ಮಳೆ ಬಂದರೆ ಇರಲಿ ಅಂತ ಹೌದು ಅಂದರು ಅಪ್ಪ. ಅವರು ಅಪ್ಪನ ಹೆಗಲ ಮೇಲಿದ್ದ ಬಿಳಿ ಟವೆಲ್ ಕೇಳಿ ತಗೊಂಡರು. ಟಾರ್ಪಾಲಿನ ಕೆಳಗೆ ಬಿಡಿಸಿ ಹಿಡಿದರು. ‘ಈಗ ನೋಡಿ ಯಜಮಾನ್ರೇ, ಇದು ಬಿಳೀನಾ?’ ಟವೆಲ್ ನೀಲಿಯಾಗಿತ್ತು. ಅವರ ಕೈಯೂ ನೀಲಿ, ನಮ್ಮೆಲ್ಲರ ಮುಖವೂ ನೀಲಿ. ಅಷ್ಟು ವರ್ಷದಿಂದ ಅಲ್ಲಿ ಓಡಾಡಿದ್ದೇವೆ, ಒಂದು ದಿನವೂ ಗಮನಿಸಿರಲಿಲ್ಲ. ‘ಕಂಪ್ಯೂಟರಲ್ಲಿ ಸರಿ ಮಾಡಬಹುದು ಅಂತಾರೆ. ಮುಖದ ಒಂದು ಕಡೆ ಈ ನೀಲಿ, ಇನ್ನೊಂದು ಕಡೆ ಹೊರಗಿನ ಬಿಸಿಲು ಬಿದ್ದರೆ ಎರಡನ್ನೂ ಒಟ್ಟಿಗೆ ಸರಿ ಮಾಡೋಕಾಗಲ್ಲ’ ಅಂದರು. ಅಡಿಕೆ ಸೋಗೆ ಚಪ್ಪರ ಹಾಕೋಣ ಅಂದಳು ಅಮ್ಮ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ‘ನೋಡೋಕೆ ಚೆಂದ ಅಮ್ಮ. ಆದರೆ ಸೋಗೆ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆ ಬೀಳುತ್ತೆ. ಮುಖದ ಮೇಲೆ ಕಲೆ ಥರ ಕಾಣುತ್ತೆ. ಸುತ್ತಲೂ ಸೋಗೆ ಕಟ್ಟಿ. ಮಂಟಪದ ಮೇಲೆ ಮಾತ್ರ ಬಿಳಿ ಬಟ್ಟೆ ಇರಲಿ.’

ಆಮೇಲೆ ನಾನು ಕೇಳುವ ಮೊದಲೇ ಅವರೇ ಕೇಳಿದರು. ಮಂಟಪ ಯಾವ ಕಡೆ ಮುಖ? ಹಿರಿಯರು ಎಲ್ಲಿ ಕೂರ್ತಾರೆ? ನಡೆಯಲಾಗದವರು ಯಾರಾದರೂ ಇದ್ದಾರಾ? ಯಾರ ಫೋಟೋ ತಪ್ಪಬಾರದು? ಅಮ್ಮ ಸುಮ್ನೆ ನಿಂತಿದ್ದಳು. ನಾನು ಅಕ್ಕನ ಮದುವೆಯ ವಿಷಯ ಹೇಳಿದೆ. ಅಮ್ಮನ ಮುಂದೆಯೇ ಹೇಳಿದೆ, ಅಕ್ಷತೆಯದೂ ಸೇರಿ. ಅವರು ಮಧ್ಯೆ ಮಾತಾಡದೆ ಕೇಳಿಸಿಕೊಂಡರು. ಬಾಳೆಕಂಬ ಬರುವ ಜಾಗಕ್ಕೆ ಹೋಗಿ, ಹಸೆಮಣೆ ಇಡುವ ಕಡೆ ಬೆನ್ನು ಮಾಡಿ, ಆಮೇಲೆ ಅದರ ಹಿಂದೆ ಒಂದು ಮೂಲೆಯಲ್ಲಿ ನೆಲದ ಮೇಲೆ ಕೂತೇ ಬಿಟ್ಟರು. ‘ನಾನು ಇಲ್ಲಿ ಕೂರ್ತೀನಿ. ಉದ್ದ ಲೆನ್ಸ್ ಹಾಕ್ತೀನಿ. ಲೈಟ್ ಬೇಡ, ಈ ಬೆಳಕು ಸಾಕು. ಆದರೆ ಒಂದು ಮಾತು. ಇಲ್ಲಿಂದ ತಾಳಿ ಕಟ್ಟೋ ಕೈ ಎದುರಿನಿಂದ ಸಿಗಲ್ಲ. ನೋಡ್ತಾ ಇರೋರ ಮುಖ ಸಿಗುತ್ತೆ. ಒಂದು ಸಿಕ್ಕರೆ ಒಂದು ಬಿಡಬೇಕು. ಮನೇಲಿ ಮಾತಾಡ್ಕೊಂಡು ಹೇಳಿ.’

ಅವತ್ತು ಸಂಜೆ ನನಗೆ ನೆನಪಾಗಿದ್ದು ತೇಜಸ್ವಿ. ಇದೇ ಮೂಡಿಗೆರೆಯ ಕಾಡಿನಲ್ಲಿ ಅವರು ಹಕ್ಕಿಗಳ ಫೋಟೋ ತೆಗೆದವರು. ಹಕ್ಕಿಯ ಫೋಟೋ ಬೇಕಾದವರು ಮರೆಯಲ್ಲಿ ಕೂತು ಕಾಯುತ್ತಾರೆ. ತಾವು ಅಲ್ಲಿದ್ದೇವೆ ಅನ್ನುವುದು ಹಕ್ಕಿಗೆ ಮರೆತುಹೋಗಬೇಕು. ಅದು ತನ್ನ ಪಾಡಿಗೆ ಮರಿಗೆ ಗುಟುಕು ಕೊಡುತ್ತಿರಬೇಕು. ಮದುವೆಯಲ್ಲೂ ಹಾಗೆ ಕೂರುವವರು ಇದ್ದಾರೆ ಅಂತ ತಿಳಿದು ನನಗೆ ತುಂಬ ಸಮಾಧಾನವಾಯಿತು.

ಮೂವತ್ತೆಂಟು ಸಾವಿರಕ್ಕೆ ಒಪ್ಪಿಗೆಯಾಯಿತು. ಅವರು, ಜೊತೆಗೆ ಒಬ್ಬ ಹುಡುಗ. ಒಂದು ಹಾಳೆಯಲ್ಲಿ ಬರೆದುಕೊಂಡೆವು. ಯಾರು ಬರುತ್ತಾರೆ, ಹುಷಾರಿಲ್ಲದಿದ್ದರೆ ಬದಲಿಗೆ ಯಾರು, ದುಡ್ಡು ಯಾವಾಗ ಎಷ್ಟು, ಫೋಟೋ ಎಷ್ಟು ದಿನಕ್ಕೆ. ಕ್ಯಾಮೆರಾದಲ್ಲಿ ಎರಡು ಕಾರ್ಡ್ ಇರಬೇಕು, ಒಂದೇ ಫೋಟೋ ಎರಡರಲ್ಲೂ ಉಳಿಯಬೇಕು ಅಂತಲೂ ಬರೆಸಿದೆ. ವಿಡಿಯೋ ಬೇಡ ಅಂದೆ. ಅದರ ಬದಲು ಒಂದು ಸೌಂಡ್ ರೆಕಾರ್ಡರ್ ಹೆಂಗಸರು ಕೂರುವ ಚಾಪೆಯ ಹತ್ತಿರ ಇಡಲು ಕೇಳಿಕೊಂಡೆ. ಅವರಿಗೆ ಅದು ವಿಚಿತ್ರ ಅನ್ನಿಸಲಿಲ್ಲ.

ಹತ್ತು ನಲವತ್ತು

ಮದುವೆ ದಿನ ಹೇಗೆ ಹೋಯಿತು ಅಂತ ಕೇಳಿದರೆ ಬಿಡಿಬಿಡಿಯಾಗಿ ನೆನಪಿದೆ. ಹಿಂದಿನ ರಾತ್ರಿ ಕಣ ತೊಳೆದಿದ್ದರು. ಆದರೂ ಬೆಳಗ್ಗೆ ಬಿಸಿಲು ಏರಿದಾಗ ಸಿಮೆಂಟಿನಿಂದ ಒಣಗಿದ ಕಾಫಿ ಸಿಪ್ಪೆಯ ವಾಸನೆ ಬಂತು. ಅಪ್ಪ ಒಂದು ಕೆಲಸ ಮಾಡಿದ್ದರು. ಗಟ್ಟಿಮೇಳಕ್ಕೆ ಸ್ವಲ್ಪ ಮೊದಲು ಪುರೋಹಿತರ ಬಾಯಲ್ಲೇ ಹೇಳಿಸಿದರು. ‘ಎಲ್ಲರೂ ಕೂತಲ್ಲೇ ಕೂತು ನೋಡಿ. ಮೊಬೈಲ್ ಆಮೇಲೆ ತೆಗೆಯಿರಿ. ಕೂತ ಜಾಗದಿಂದಲೇ ಅಕ್ಷತೆ ಹಾಕಿ.’ ಚಿಕ್ಕಪ್ಪನ ಮಕ್ಕಳು ಎದ್ದವರು ಮತ್ತೆ ಕೂತರು. ಯಾರೂ ಅಡ್ಡ ನಿಲ್ಲಲಿಲ್ಲ. ತಲೆ ಎತ್ತಿದರೆ ನನಗೆ ನೂರೈವತ್ತು ಮುಖವೂ ಕಾಣುತ್ತಿದ್ದವು. ಅಜ್ಜಿ ಸೋಬಾನೆ ಎತ್ತಿಕೊಂಡಳು. ಎರಡು ಸಾಲು ಹೇಳುವಷ್ಟರಲ್ಲಿ ಕೆಮ್ಮು ಬಂತು. ಉಳಿದವರು ಮುಂದುವರಿಸಿದರು, ಅವಳು ಮತ್ತೆ ಸೇರಿಕೊಂಡಳು. ಫೋಟೋಗ್ರಾಫರ್ ಎಲ್ಲಿದ್ದಾರೆ ಅಂತ ನಾನು ಒಂದು ಸಲವೂ ನೋಡಲಿಲ್ಲ. ಮಳೆ ಬಂದಿದ್ದು ಎರಡನೇ ಪಂಕ್ತಿಯಲ್ಲಿ. ಎಲೆ ಎತ್ತಿಕೊಂಡು ಎಲ್ಲರೂ ಜಗಲಿಗೆ ಓಡಿದರು. ಅಪ್ಪ ಮಾತ್ರ ಕಣದ ಅಂಚಿನಲ್ಲಿ ನೆನೆಯುತ್ತಾ ನಿಂತು ತೋಟದ ಕಡೆ ನೋಡುತ್ತಿದ್ದರು.

ಎದುರಿನಿಂದ ತಾಳಿ ಕಟ್ಟುವ ಫೋಟೋ ನಮ್ಮ ಹತ್ತಿರ ಇಲ್ಲ. ಫೋಟೋಗ್ರಾಫರ್ ಜೊತೆ ಬಂದಿದ್ದ ಹುಡುಗ ನೆಲದಲ್ಲಿ ಕೂತು ತೆಗೆದಿದ್ದರಲ್ಲಿ ನಮ್ಮನೆಯವರ ತೋಳು ಅಡ್ಡ ಬಂದಿದೆ. ಅತ್ತೆಗೆ ಅದು ಬೇಜಾರು. ‘ಎಲ್ಲರ ಮನೇಲೂ ಇರುತ್ತೆ ಅಲ್ವಾ’ ಅಂತ ಎರಡು ಸಲ ಅಂದರು. ಅವರ ಮಾತು ತಪ್ಪಲ್ಲ. ಅವರಿಗೆ ಒಬ್ಬನೇ ಮಗ. ನಾನು ಅದನ್ನು ಮೊದಲೇ ಅವರ ಹತ್ತಿರ ಕೂತು ಮಾತಾಡಬೇಕಿತ್ತು. ಮದುವೆ ನೋಂದಣಿಗೆ ಹೋದಾಗ ಅಲ್ಲಿ ಕೇಳಿದ್ದು ಲಗ್ನಪತ್ರಿಕೆ, ಮೂವರು ಸಾಕ್ಷಿಗಳು, ಒಂದು ಮದುವೆ ಫೋಟೋ. ಹಾರ ಹಾಕಿಕೊಂಡು ನಿಂತ ಫೋಟೋ ಕೊಟ್ಟೆವು.

ಒಟ್ಟು ನಾನೂರ ಎಂಬತ್ತು ಫೋಟೋ ಬಂದವು. ಅದರಲ್ಲಿ ಒಂದನ್ನು ದೊಡ್ಡದು ಮಾಡಿಸಿ ನಡುಮನೆಯಲ್ಲಿ ಹಾಕಿದ್ದೇವೆ. ಅದರಲ್ಲಿ ನಾವಿಬ್ಬರೂ ಬರೀ ಬೆನ್ನು, ಅದೂ ಮಸುಕಾಗಿ. ನನ್ನ ಜಡೆ, ಅವರ ಪೇಟದ ಅಂಚು. ನಮ್ಮಿಬ್ಬರ ನಡುವಿನ ಸಂದಿಯಲ್ಲಿ ಅಮ್ಮ. ಬಿಳಿ ಬಟ್ಟೆಯ ಕೆಳಗಿನ ಬೆಳಕು ಅವಳ ಮುಖದ ಮೇಲೆ ಹಾಲಿನ ಹಾಗೆ ಬಿದ್ದಿದೆ. ಬಾಯಿ ಸ್ವಲ್ಪ ತೆರೆದಿದೆ. ಅವಳ ಸುತ್ತ ಗಾಳಿಯಲ್ಲೆಲ್ಲ ಅಕ್ಷತೆ, ಉಳಿದವರೆಲ್ಲ ಹಾಕಿ ಆಗಿದೆ. ಅಮ್ಮನ ಬಲಗೈ ಮಾತ್ರ ಎದೆಯ ಹತ್ತಿರ ಹಾಗೇ ಮುಷ್ಟಿ ಕಟ್ಟಿಕೊಂಡಿದೆ. ನೋಡುತ್ತಾ ನೋಡುತ್ತಾ ಅವಳು ಅಕ್ಷತೆ ಹಾಕುವುದನ್ನೇ ಮರೆತಿದ್ದಾಳೆ.